ಸಾವನ್ನು ತೋರಿಸುವ ಕಣ್ಣು, ಸಾವನ್ನು ತಡೆಯುವ ಕೈ



ಹಗಲೆಲ್ಲ ಹೊಲದಲ್ಲಿ ದುಡಿದವರು, ಅಂಗಡಿಯ ಲೆಕ್ಕ ಮುಗಿಸಿ ಬಾಗಿಲು ಹಾಕಿದವರು ರಾತ್ರಿ ಊಟದ ಹೊತ್ತಿಗೆ ಟಿ.ವಿ. ಮುಂದೆ ಕೂಡುವುದು ಈಗ ಎಲ್ಲ ಮನೆಗಳ ರೂಢಿ. ಟಿ.ವಿ. ಇಲ್ಲದ ಕಡೆ ಅಂಗೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ಒಮ್ಮೊಮ್ಮೆ ಎಲ್ಲಿಯದೋ ದೇಶದ ಕಾರು ಪಂದ್ಯದ ಚಿತ್ರ ಬರುತ್ತದೆ. ಮಿಂಚಿನಂತೆ ಓಡುತ್ತಿದ್ದ ಕಾರು ಗೋಡೆಗೆ ಬಡಿದು ಚೂರುಚೂರಾಗುತ್ತದೆ. ನಾವು "ಅಯ್ಯೋ ಶಿವನೇ" ಎನ್ನುತ್ತೇವೆ. ಮರುಗಳಿಗೆ ಅದೇ ಚಿತ್ರವನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸುತ್ತಾರೆ. ನಾವು ಮತ್ತೆ ನೋಡುತ್ತೇವೆ. ಮೊದಲ ಸಲ ನೋಡಿದ್ದು ನಮಗೆ ಅರಿಯದೆ ಆದದ್ದು. ಎರಡನೆಯ ಸಲ ನೋಡಿದ್ದು ನಮ್ಮ ಇಚ್ಛೆಯಿಂದ ಆದದ್ದು. ಆ ಎರಡನೆಯ ನೋಟದಲ್ಲಿ ಇದ್ದದ್ದು ಮರುಕವೋ, ಬರೀ ಕುತೂಹಲವೋ?

ಈ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದರ ಬೆನ್ನಿಗೇ ಇನ್ನೆರಡು ಪ್ರಶ್ನೆಗಳು ಬರುತ್ತವೆ. ಸತ್ತವನ ಸಾವಿಗೆ ಹೊಣೆ ಯಾರು? ಆ ಸಾವನ್ನು ಲೋಕಕ್ಕೆಲ್ಲ ತೋರಿಸಿದವರ ಧರ್ಮವೇನು? ಕಾರು ಪಂದ್ಯ ನಮ್ಮ ಬದುಕಿಗೆ ದೂರದ ವಿಷಯ, ನಿಜ. ಆದರೂ ಅಲ್ಲಿ ನಡೆದದ್ದನ್ನು ತಿಳಿದುಕೊಂಡರೆ ನಮ್ಮ ಊರ ದಾರಿಯ ಮೇಲೆ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೂ ಬೆಳಕು ಸಿಗುತ್ತದೆ. ಆದುದರಿಂದ ಈ ವಿಷಯವನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಇಮೋಲಾದ ಮೂರು ದಿನಗಳು

ಇಟಲಿ ದೇಶದಲ್ಲಿ ಇಮೋಲಾ ಎಂಬ ಪಟ್ಟಣವಿದೆ. 1994ರ ಏಪ್ರಿಲ್ ಕೊನೆಯಲ್ಲಿ ಅಲ್ಲಿ ಸ್ಯಾನ್ ಮರಿನೋ ಗ್ರ್ಯಾನ್ ಪ್ರೀ ಎಂಬ ಫಾರ್ಮುಲಾ ಒನ್ ಪಂದ್ಯ ಏರ್ಪಟ್ಟಿತ್ತು. ಶುಕ್ರವಾರ ರೂಬೆನ್ಸ್ ಬ್ಯಾರಿಕೆಲೊ ಎಂಬ ಬ್ರೆಜಿಲ್ ದೇಶದ ತರುಣನ ಕಾರು ಹಾರಿ ತಡೆಬೇಲಿಗೆ ಬಡಿಯಿತು. ಆತ ಬದುಕಿಕೊಂಡ. ಮರುದಿನ, ಏಪ್ರಿಲ್ 30ರಂದು, ಆಸ್ಟ್ರಿಯಾದ ರೋಲಂಡ್ ರಾಟ್ಸೆನ್‌ಬರ್ಗರ್ ಅವರ ಕಾರಿನ ಮುಂಭಾಗದ ರೆಕ್ಕೆ ಮುರಿದು, ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ಕಾರು ಗೋಡೆಗೆ ಹೊಡೆಯಿತು. ಅವರು ಉಳಿಯಲಿಲ್ಲ. ಹನ್ನೆರಡು ವರ್ಷಗಳಿಂದ, ಅಂದರೆ 1982ರಿಂದ, ಗ್ರ್ಯಾನ್ ಪ್ರೀ ಪಂದ್ಯದ ದಿನಗಳಲ್ಲಿ ಯಾವ ಚಾಲಕರೂ ಸತ್ತಿರಲಿಲ್ಲ. ಆದುದರಿಂದ ಕಾರುಗಳು ಈಗ ಸುರಕ್ಷಿತವಾಗಿವೆ ಎಂಬ ನಂಬಿಕೆ ಎಲ್ಲರಲ್ಲಿ ಬೇರೂರಿತ್ತು. ಆ ನಂಬಿಕೆ ಆ ಶನಿವಾರ ಮಧ್ಯಾಹ್ನ ಮುರಿದುಬಿತ್ತು.

ಆದರೂ ಭಾನುವಾರ, ಮೇ 1ರಂದು, ಪಂದ್ಯ ನಡೆಯಿತು. ಆರಂಭದಲ್ಲೇ ನಿಂತುಹೋದ ಒಂದು ಕಾರಿಗೆ ಹಿಂದಿನಿಂದ ಮತ್ತೊಂದು ಕಾರು ಗುದ್ದಿತು. ಚೂರುಗಳು ಬೇಲಿ ದಾಟಿ ಹಾರಿ ನೋಡಲು ಬಂದ ಜನರಿಗೆ ಗಾಯವಾಯಿತು. ಪಂದ್ಯ ನಿಲ್ಲಲಿಲ್ಲ. ಏಳನೆಯ ಸುತ್ತಿನಲ್ಲಿ ಟಾಂಬುರೆಲ್ಲೋ ಎಂಬ ತಿರುವಿನಲ್ಲಿ ಐರ್ಟನ್ ಸೆನ್ನಾ ಅವರ ಕಾರು ದಾರಿ ಬಿಟ್ಟು ನೇರವಾಗಿ ಕಾಂಕ್ರೀಟ್ ಗೋಡೆಗೆ ಹೋಗಿ ಬಡಿಯಿತು. ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದ, 34 ವರ್ಷ ವಯಸ್ಸಿನ ಸೆನ್ನಾ ಅಂದು ತೀರಿಕೊಂಡರು. ಟ್ರ್ಯಾಕಿನ ಮೇಲೆ ವೈದ್ಯರು ಅವರ ಪ್ರಾಣ ಉಳಿಸಲು ಹೆಣಗುತ್ತಿದ್ದಾಗ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್‌ನಿಂದ ಇಟಲಿಯ ಟಿ.ವಿ. ಆ ದೃಶ್ಯವನ್ನು ಲೋಕಕ್ಕೆಲ್ಲ ತೋರಿಸುತ್ತಿತ್ತು. ಅರ್ಧ ತಾಸಿಗೂ ಮೇಲೆ ಕಳೆದ ಬಳಿಕ ಪಂದ್ಯ ಮತ್ತೆ ಆರಂಭವಾಗಿ ಕೊನೆಯವರೆಗೂ ನಡೆಯಿತು. ಗೆದ್ದವರು ಪದ್ಧತಿಯಂತೆ ಶಾಂಪೇನ್ ಚಿಮ್ಮಿಸಲಿಲ್ಲ. ಸಂಜೆ ಬೊಲೋನ್ಯದ ಆಸ್ಪತ್ರೆಯಿಂದ ಸಾವಿನ ಸುದ್ದಿ ಹೊರಬಿತ್ತು.

ಸೆನ್ನಾ ಅವರ ಒಡೆದ ಕಾರಿನಲ್ಲಿ ಮಡಚಿಟ್ಟ ಆಸ್ಟ್ರಿಯಾದ ಧ್ವಜ ಸಿಕ್ಕಿತು. ಗೆದ್ದರೆ ಹಿಂದಿನ ದಿನ ಸತ್ತ ರಾಟ್ಸೆನ್‌ಬರ್ಗರ್ ಅವರ ನೆನಪಿಗೆ ಅದನ್ನು ಬೀಸಬೇಕೆಂದು ಇಟ್ಟುಕೊಂಡಿದ್ದರು. ಲೋಕದ ಕ್ಯಾಮರಾಗಳು ಮರೆಯಲಿದ್ದ ಮನುಷ್ಯನನ್ನು ನೆನೆಸಬೇಕೆಂದು ಹೊರಟಿದ್ದವರು ಅವರು.

ಒಂದೇ ತಕ್ಕಡಿಯಲ್ಲಿ ಎರಡು ಜೀವ

ಮುಂದೆ ಆದದ್ದನ್ನು ಕೇಳಿರಿ. ಬ್ರೆಜಿಲ್ ಸರಕಾರ ಮೂರು ದಿನಗಳ ಶೋಕ ಸಾರಿತು. ಸಾವೋ ಪಾವ್ಲೋ ನಗರದಲ್ಲಿ ಜನ ಸಾಗರದಂತೆ ನೆರೆದರು. ಲೋಕದ ಟಿ.ವಿ. ಎಲ್ಲ ಅಲ್ಲಿತ್ತು. ಎರಡು ದಿನಗಳ ತರುವಾಯ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ರಾಟ್ಸೆನ್‌ಬರ್ಗರ್ ಅವರ ಅಂತ್ಯಕ್ರಿಯೆ ನಡೆಯಿತು. ಆಗ ಮೋಟಾರು ಪಂದ್ಯಗಳ ವಿಶ್ವಸಂಸ್ಥೆಯಾದ ಎಫ್.ಐ.ಎ.ಯ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಮೋಸ್ಲಿ ಸೆನ್ನಾ ಅವರ ಅಂತ್ಯಕ್ರಿಯೆಗೆ ಹೋಗದೆ ಸಾಲ್ಸ್‌ಬರ್ಗ್‌ಗೆ ಹೋದರು. ಎಲ್ಲರೂ ಅಲ್ಲಿಗೆ ಹೋಗುವಾಗ ಇಲ್ಲಿಗೂ ಯಾರಾದರೂ ಹೋಗಬೇಕಲ್ಲ ಎಂಬುದು ಅವರ ಭಾವನೆಯಾಗಿತ್ತು.

ವ್ಯಾಪಾರ ಮಾಡುವ ನಮ್ಮವರಿಗೆ ತಕ್ಕಡಿಯ ಧರ್ಮ ಹೇಳಿಕೊಡಬೇಕಾಗಿಲ್ಲ. ಸಾಹುಕಾರ ಬಂದಾಗ ಒಂದು ತೂಕ, ಬಡವ ಬಂದಾಗ ಒಂದು ತೂಕ ಇಡುವವನ ಅಂಗಡಿ ಉಳಿಯುವುದಿಲ್ಲ. ಟಿ.ವಿ.ಯ ತಕ್ಕಡಿ ಮಾತ್ರ ಹೆಸರನ್ನು ತೂಗುತ್ತದೆ, ಜೀವವನ್ನು ತೂಗುವುದಿಲ್ಲ. ರಾಟ್ಸೆನ್‌ಬರ್ಗರ್ ಆ ವರ್ಷವಷ್ಟೇ ಫಾರ್ಮುಲಾ ಒನ್‌ಗೆ ಬಂದಿದ್ದರು, ಕೇವಲ ಐದು ಪಂದ್ಯಗಳ ಒಪ್ಪಂದ ಅವರಿಗೆ ಇತ್ತು. ಅವರಿಗಿಂತಲೂ ಮರೆಗೆ ಸರಿದವರಿದ್ದಾರೆ. 2000ನೆಯ ಇಸವಿಯಲ್ಲಿ ಇಟಲಿಯ ಮೊಂಝಾದಲ್ಲಿ, 2001ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಕಳಚಿ ಹಾರಿದ ಗಾಲಿ ಬಡಿದು ಒಬ್ಬೊಬ್ಬ ಮಾರ್ಷಲ್ ಸತ್ತರು. ಮಾರ್ಷಲ್ ಎಂದರೆ ದಾರಿಯ ಬದಿಗೆ ನಿಂತು ಬಾವುಟ ತೋರಿಸುವ, ಬೆಂಕಿ ಆರಿಸುವ ಸೇವಕರು. ಅವರಿಗೆ ಕೋಟಿ ಹಣವಿಲ್ಲ, ಕೀರ್ತಿಯಿಲ್ಲ. ಅವರ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

"ಗೊತ್ತಿದ್ದೇ ಹೋದ" ಎಂಬ ಮಾತು

ಇಂಥ ಸಾವು ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಅಪಾಯವೆಂದು ಗೊತ್ತಿದ್ದೇ ಕಾರು ಹತ್ತಿದ. ಹಣಕ್ಕಾಗಿ, ಹೆಸರಿಗಾಗಿ ಹೋದ. ಸತ್ತರೆ ಯಾರೇನು ಮಾಡಬೇಕು?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವನ್ನು ಪೂರ್ಣವೆಂದು ನಂಬುವುದೇ ಅನೇಕ ತಪ್ಪುಗಳಿಗೆ ಮೂಲ.

ಬಾವಿ ತೋಡುವ ಕೂಲಿಯವನನ್ನು ನೆನೆಯಿರಿ. ಐವತ್ತು ಅಡಿ ಕೆಳಗೆ ಇಳಿಯುವುದು ಅಪಾಯವೆಂದು ಆತನಿಗೆ ಗೊತ್ತು. ಆ ಆಳವನ್ನು ಆತ ಒಪ್ಪಿಕೊಂಡೇ ಇಳಿಯುತ್ತಾನೆ. ಆದರೆ ಮೇಲೆ ನಿಂತ ಹೊಲದ ಒಡೆಯ ಸವೆದ ಹಗ್ಗ ಕಟ್ಟಿ ಇಳಿಬಿಟ್ಟರೆ? ಕೂಲಿಯವನು ಬಾವಿಯ ಆಳವನ್ನು ಒಪ್ಪಿದ್ದ, ಸವೆದ ಹಗ್ಗವನ್ನು ಒಪ್ಪಿರಲಿಲ್ಲ. ಕೆಲಸದಲ್ಲೇ ಬೆರೆತಿರುವ ಅಪಾಯ ಒಂದು. ಇನ್ನೊಬ್ಬರು ಸ್ವಲ್ಪ ಕಾಳಜಿ, ಸ್ವಲ್ಪ ಖರ್ಚು ಮಾಡಿ ತಪ್ಪಿಸಬಹುದಾಗಿದ್ದ ಅಪಾಯ ಇನ್ನೊಂದು. ಮೊದಲನೆಯದಕ್ಕೆ ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಎರಡನೆಯದಕ್ಕೂ ಕೊಟ್ಟಂತಾಗುವುದಿಲ್ಲ.

ಒಪ್ಪಿಗೆ ಕೊಡುವ ವಯಸ್ಸೇ ಆಗದವರ ಮಾತಂತೂ ಬೇರೆಯೇ. 2023ರ ಆಗಸ್ಟ್‌ನಲ್ಲಿ ಚೆನ್ನೈ ಸಮೀಪದ ಪಂದ್ಯದ ಪಥದಲ್ಲಿ ಬೈಕ್ ರೇಸಿನ ವೇಳೆ ಬೆಂಗಳೂರಿನ 13 ವರ್ಷದ ಬಾಲಕ ಬಿದ್ದು ತೀರಿಕೊಂಡ. ಹದಿಮೂರು ವರ್ಷದ ಮಗು "ಗೊತ್ತಿದ್ದೇ ಹೋದ" ಎನ್ನಲು ಯಾರ ನಾಲಿಗೆ ಏಳುತ್ತದೆ? ಅಲ್ಲಿ ಗೊತ್ತಿರಬೇಕಾದವರು ದೊಡ್ಡವರು.

ಗೋಡೆಯನ್ನು ಸರಿಸಲಾಗದು

ಮತ್ತೆ ಇಮೋಲಾಕ್ಕೆ ಬರೋಣ. ಟಾಂಬುರೆಲ್ಲೋ ತಿರುವಿನ ಅಪಾಯ ಯಾರಿಗೂ ಹೊಸದಾಗಿರಲಿಲ್ಲ. 1987ರಲ್ಲಿ ನೆಲ್ಸನ್ ಪಿಕೆ ಅಲ್ಲಿ ಗೋಡೆಗೆ ಬಡಿದಿದ್ದರು. 1989ರಲ್ಲಿ ಗೆರ್‌ಹಾರ್ಡ್ ಬರ್ಗರ್ ಅವರ ಕಾರು ಅಲ್ಲೇ ಬಡಿದು ಉರಿದುಹೋಗಿತ್ತು. ಸಿಬ್ಬಂದಿ ತಟ್ಟನೆ ಬೆಂಕಿ ಆರಿಸಿದ್ದರಿಂದ ಅವರು ಬದುಕಿದರು. ಆ ಬಳಿಕ ಬರ್ಗರ್ ಮತ್ತು ಸೆನ್ನಾ ಗೆಳೆಯರಿಬ್ಬರೂ ಆ ಗೋಡೆಯ ಬಳಿಗೆ ನಡೆದುಹೋಗಿ ನೋಡಿದರು. ಗೋಡೆಯನ್ನು ಹಿಂದಕ್ಕೆ ಸರಿಸಿದರೆ ಒಳಿತೆಂದು ಅವರ ವಿಚಾರ. ಆದರೆ ಗೋಡೆಯ ಹಿಂದೆ ನದಿ ಹರಿಯುತ್ತಿತ್ತು. ಸರಿಸಲು ಜಾಗವಿಲ್ಲ, ಏನೂ ಮಾಡಲಾಗದು ಎಂದುಕೊಂಡು ಇಬ್ಬರೂ ಮರಳಿದರು. ಆ ಇಬ್ಬರಲ್ಲಿ ಒಬ್ಬರು ಕೆಲವೇ ವರ್ಷಗಳಲ್ಲಿ ಅದೇ ಗೋಡೆಗೆ ಬಲಿಯಾದರು.

ಸೆನ್ನಾ ಸತ್ತ ಬಳಿಕ ಏನಾಯಿತು? ಗೋಡೆಯನ್ನು ಯಾರೂ ಸರಿಸಲಿಲ್ಲ, ನದಿಯೂ ಹಾಗೆಯೇ ಹರಿಯುತ್ತಿದೆ. 1995ರ ಪಂದ್ಯಕ್ಕೆ ಮುಂಚೆ ದಾರಿಯನ್ನೇ ಬದಲಿಸಿದರು. ನೆಟ್ಟಗೆ ನುಗ್ಗುತ್ತಿದ್ದ ವೇಗದ ತಿರುವಿನ ಜಾಗದಲ್ಲಿ ಎಡಕ್ಕೆ ಬಲಕ್ಕೆ ಬಾಗುವ ನಿಧಾನದ ತಿರುವು ಮಾಡಿದರು. ಕಾರುಗಳು ಅಲ್ಲಿ ವೇಗ ಇಳಿಸಲೇಬೇಕಾಯಿತು.

ಬಂಧುಗಳೇ, ಈ ಸಂಗತಿಯನ್ನು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಿರಿ. "ಗೋಡೆಯನ್ನು ಸರಿಸಲಾಗದು" ಎಂಬುದು ಸುಳ್ಳಾಗಿರಲಿಲ್ಲ. ಆದರೆ "ಏನೂ ಮಾಡಲಾಗದು" ಎಂಬುದು ಸುಳ್ಳಾಗಿತ್ತು. ಒಂದು ದಾರಿ ಮುಚ್ಚಿದೆ ಎಂದ ಮಾತ್ರಕ್ಕೆ ಎಲ್ಲ ದಾರಿಗಳೂ ಮುಚ್ಚಿವೆ ಎಂದು ತಿಳಿದುಕೊಂಡದ್ದೇ ತಪ್ಪು. ಆ ತಪ್ಪನ್ನು ಪಂದ್ಯ ನಡೆಸುವವರು ಮಾಡಿದರು, ಟ್ರ್ಯಾಕಿನ ಒಡೆಯರು ಮಾಡಿದರು, ಸಾಯಲಿದ್ದವರೂ ಮಾಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಪ್ರಾಣ ಹೋದ ಮೇಲೆ ಎಲ್ಲರಿಗೂ ಉಪಾಯ ಹೊಳೆಯಿತು. ಉಪಾಯ ಮೊದಲೂ ಇತ್ತು. ಅದನ್ನು ಹುಡುಕುವ ಗರಜು ಇರಲಿಲ್ಲ.

ಹೊಣೆ ಹಂಚಿದರೆ ಕರಗುವುದೇ?

ಸೆನ್ನಾ ಅವರ ಸಾವಿನ ಮೊಕದ್ದಮೆ ಇಟಲಿಯ ನ್ಯಾಯಾಲಯಗಳಲ್ಲಿ ಬಹುಕಾಲ ನಡೆಯಿತು. ಕಾರು ಕಟ್ಟಿದ ವಿಲಿಯಮ್ಸ್ ತಂಡದವರ ಮೇಲೂ ಟ್ರ್ಯಾಕಿನ ಅಧಿಕಾರಿಗಳ ಮೇಲೂ ಆರೋಪವಿತ್ತು. ಕೂಡುವ ಜಾಗ ಇಕ್ಕಟ್ಟಾಗಿದೆ ಎಂದು ಸೆನ್ನಾ ಅವರೇ ಹೇಳಿದ್ದರಿಂದ ಸ್ಟೇರಿಂಗ್ ದಂಡವನ್ನು ಕತ್ತರಿಸಿ ಬೆಸೆದು ಮಾರ್ಪಡಿಸಲಾಗಿತ್ತು. ಅದು ತುಂಡಾಗಿ ಕಾರು ಕೈತಪ್ಪಿತು ಎಂಬುದು ಸರಕಾರಿ ಪಕ್ಷದ ವಾದ. ಢಿಕ್ಕಿಯಾದಾಗ ದಂಡ ಮುರಿಯಿತೇ ಹೊರತು ಮೊದಲೇ ಅಲ್ಲ ಎಂಬುದು ತಂಡದ ವಾದ. 1997ರಲ್ಲಿ ಎಲ್ಲರೂ ಬಿಡುಗಡೆಯಾದರು. ಕಡೆಗೆ 2007ರಲ್ಲಿ ಇಟಲಿಯ ಅತ್ಯುನ್ನತ ನ್ಯಾಯಾಲಯ, ದಂಡ ಮುರಿದದ್ದೇ ಕಾರಣ, ಮಾರ್ಪಾಡು ಸರಿಯಾಗಿರಲಿಲ್ಲ, ತಂಡದ ತಾಂತ್ರಿಕ ಮುಖ್ಯಸ್ಥರಾಗಿದ್ದ ಪ್ಯಾಟ್ರಿಕ್ ಹೆಡ್ ಹೊಣೆಗಾರರು ಎಂದು ಹೇಳಿತು. ಆದರೆ ಶಿಕ್ಷೆ ವಿಧಿಸುವ ಕಾಲಮಿತಿ ಆಗಲೇ ಮೀರಿಹೋಗಿತ್ತು.

ಇಲ್ಲಿ ದಂಡ ಬೆಸೆದವರು ಒಬ್ಬರು, ಬೆಸೆಯಲು ಹೇಳಿದವರು ಒಬ್ಬರು, ಗೋಡೆಯನ್ನು ಹಾಗೆಯೇ ಬಿಟ್ಟವರು ಒಬ್ಬರು, ಹಿಂದಿನ ದಿನ ಸಾವು ಕಂಡರೂ ಪಂದ್ಯ ನಡೆಸಿದವರು ಒಬ್ಬರು. ಹೊಣೆ ಹಲವರಲ್ಲಿ ಹಂಚಿಹೋದಾಗ ಪ್ರತಿಯೊಬ್ಬನೂ ತನ್ನ ಪಾಲು ಸಣ್ಣದೆಂದು ಭಾವಿಸುತ್ತಾನೆ. ಹತ್ತು ಮಂದಿ ಪಾಲುದಾರರ ಅಡತಿ ಅಂಗಡಿಗೆ ಸಾಲ ಬಂದರೆ ಹತ್ತನೆಯ ಪಾಲಿನವನು "ನನ್ನದು ಸಣ್ಣ ಪಾಲು, ನಾನು ಕೊಡಬೇಕಾಗಿಲ್ಲ" ಎನ್ನಲು ಬರುತ್ತದೆಯೇ? ಹೊಣೆಯ ಲೆಕ್ಕವೂ ಹಾಗೆಯೇ. ಹಂಚಿದರೆ ಅದು ಕರಗುವುದಿಲ್ಲ. ತನ್ನ ಕೈಯಲ್ಲಿ ತಡೆಯುವ ಶಕ್ತಿ ಎಷ್ಟಿತ್ತೋ ಅಷ್ಟು ಹೊಣೆ ಅವನದು ಎಂಬುದೇ ನ್ಯಾಯದ ಮಾತು.

ಎರಡು ಬೆಂಕಿ

ಈಗ ಟಿ.ವಿ.ಯ ಮಾತಿಗೆ ಬರೋಣ. 1973ರ ಜುಲೈ 29ರಂದು ಹಾಲೆಂಡಿನ ಝಂಡ್‌ವೋರ್ಟ್‌ನಲ್ಲಿ ಇಂಗ್ಲೆಂಡಿನ ತರುಣ ರೋಜರ್ ವಿಲಿಯಮ್‌ಸನ್ ಅವರ ಕಾರು ತಲೆಕೆಳಗಾಗಿ ಬೆಂಕಿ ಹತ್ತಿತು. ಅದು ಅವರ ಎರಡನೆಯ ಗ್ರ್ಯಾನ್ ಪ್ರೀ. ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತಮ್ಮ ಕಾರು ನಿಲ್ಲಿಸಿ, ಪಂದ್ಯ ಬಿಟ್ಟು, ದಾರಿ ದಾಟಿ ಓಡಿದರು. ಒಬ್ಬರೇ ಕಾರನ್ನು ಎತ್ತಲು ನೋಡಿದರು. ಆಗಲಿಲ್ಲ. ಬೆಂಕಿ ಆರಿಸುವ ಸಲಕರಣೆ ತಂದು ಸುರಿದರು. ಸಾಲಲಿಲ್ಲ. ಮಾರ್ಷಲ್‌ಗಳಿಗೆ ಬೆಂಕಿ ತಡೆಯುವ ಉಡುಪು ಇರಲಿಲ್ಲ, ಅವರು ಹತ್ತಿರ ಹೋಗಲಾರದೆ ನಿಂತರು. ಬೆಂಕಿಯ ಗಾಡಿ ತಡವಾಗಿ ಬಂತು. ಪಂದ್ಯ ನಿಲ್ಲಲಿಲ್ಲ. ಪರ್ಲಿ ಅವರನ್ನು ಕಂಡ ಉಳಿದ ಚಾಲಕರು, ಉರಿಯುವ ಕಾರಿನಿಂದ ಪಾರಾಗಿ ಬಂದವರು ಇವರೇ ಎಂದು ತಿಳಿದು ಪಕ್ಕದಲ್ಲೇ ಸಾಗಿಹೋದರು. ವಿಲಿಯಮ್‌ಸನ್ ಉಸಿರುಕಟ್ಟಿ ಸತ್ತರು. ಇದೆಲ್ಲ ಟಿ.ವಿ.ಯಲ್ಲಿ ನೇರ ಪ್ರಸಾರವಾಯಿತು. ಪರ್ಲಿ ಅವರಿಗೆ ಇಂಗ್ಲೆಂಡಿನಲ್ಲಿ ಜಾರ್ಜ್ ಪದಕ ದೊರೆಯಿತು.

2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ರೊಮೆ ಗ್ರೋಜಾನ್ ಅವರ ಕಾರು ಮೊದಲ ಸುತ್ತಿನಲ್ಲೇ ಕಬ್ಬಿಣದ ತಡೆಯನ್ನು ಸೀಳಿ, ಎರಡು ತುಂಡಾಗಿ, ದೊಡ್ಡ ಉರಿಯೊಳಗೆ ಮುಳುಗಿತು. ಸುಮಾರು 28 ಸೆಕೆಂಡು ಬೆಂಕಿಯೊಳಗಿದ್ದ ಅವರು ತಾವೇ ಎದ್ದು ಹೊರಬಂದರು, ಕೈ ಸುಟ್ಟಿದ್ದವು, ಜೀವ ಉಳಿದಿತ್ತು. ಇದು ಪವಾಡವಲ್ಲ. ಮೊದಲ ಸುತ್ತಿನಲ್ಲಿ ವೈದ್ಯರ ಕಾರು ಬೆನ್ನಿಗೇ ಓಡಬೇಕೆಂಬ ನಿಯಮವಿತ್ತು, ವೈದ್ಯರು ಕೆಲವೇ ಸೆಕೆಂಡುಗಳಲ್ಲಿ ಅಲ್ಲಿದ್ದರು. ಬೆಂಕಿ ತಡೆಯುವ ಉಡುಪು ಇತ್ತು. 2018ರಲ್ಲಿ ಕಡ್ಡಾಯವಾದ ಹೇಲೋ ಎಂಬ ಲೋಹದ ಕಮಾನು ತಲೆಯನ್ನು ಕಾಯಿತು. ಆ ಕಮಾನು ಬೇಡವೆಂದು ಹಿಂದೆ ವಿರೋಧಿಸಿದವರಲ್ಲಿ ಗ್ರೋಜಾನ್ ಅವರೂ ಒಬ್ಬರು. ತಮ್ಮನ್ನು ಉಳಿಸಿದ್ದು ಅದೇ ಎಂದು ಆಸ್ಪತ್ರೆಯಿಂದಲೇ ಒಪ್ಪಿಕೊಂಡರು. ರಕ್ಷಣೆ ಬೇಕೋ ಬೇಡವೋ ಎಂಬುದನ್ನು ಅಪಾಯದಲ್ಲಿರುವವನ ಇಷ್ಟಕ್ಕೇ ಬಿಡಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಬಹ್ರೇನ್‌ನಲ್ಲಿ ಟಿ.ವಿ.ಯವರೂ ಒಂದು ಸಂಯಮ ಪಾಲಿಸಿದರು. ಗ್ರೋಜಾನ್ ಬದುಕಿದ್ದಾರೆಂದು ಖಚಿತವಾಗುವ ತನಕ ಅಪಘಾತವನ್ನು ಮರುಪ್ರಸಾರ ಮಾಡಲಿಲ್ಲ. ಖಚಿತವಾದ ಮೇಲೆ ಮಾತ್ರ ಆ ಉರಿಯನ್ನು ಮತ್ತೆ ಮತ್ತೆ, ಹಲವು ಕೋನಗಳಿಂದ ತೋರಿಸಿದರು. ಮತ್ತೆ ಕಾರು ಹತ್ತಬೇಕಾಗಿದ್ದ ಚಾಲಕರು ಅದನ್ನು ನೋಡುತ್ತ ಕೂಡಬೇಕಾಯಿತು. ಇದು ಅಗೌರವ, ಇದು ಮನರಂಜನೆಗಾಗಿ ಮಾಡಿದ್ದು ಎಂದು ಡೇನಿಯಲ್ ರಿಕಾರ್ಡೊ ಬಹಿರಂಗವಾಗಿ ಬೇಸರ ಪಟ್ಟರು.

ತೋರಿಸುವುದೂ ಮುಚ್ಚಿಡುವುದೂ

ಹಾಗಾದರೆ ಟಿ.ವಿ. ಸಾವನ್ನು ತೋರಿಸಲೇಬಾರದೇ? ಇಲ್ಲಿಯೂ ಅವಸರದ ತೀರ್ಮಾನ ಬೇಡ. ಝಂಡ್‌ವೋರ್ಟ್‌ನ ಚಿತ್ರಗಳು ಇಲ್ಲದಿದ್ದರೆ, ಉಡುಪಿಲ್ಲದೆ ನಿಂತ ಸೇವಕರನ್ನೂ ಒಂಟಿಯಾಗಿ ಹೆಣಗಿದ ಪರ್ಲಿ ಅವರನ್ನೂ ಲೋಕ ಕಾಣುತ್ತಿರಲಿಲ್ಲ. ಪಂದ್ಯ ನಡೆಸಿದವರು ಏನಾದರೂ ಸಬೂಬು ಹೇಳಿ ಮುಗಿಸಬಹುದಾಗಿತ್ತು. ಆ ಚಿತ್ರಗಳು ಲೋಕವನ್ನು ನಾಚಿಸಿದವು. ಸೆನ್ನಾ ಅವರ ಮೊಕದ್ದಮೆಯಲ್ಲೂ ಅವರ ಕಾರಿನೊಳಗಿನ ಕ್ಯಾಮರಾದ ಚಿತ್ರ ಮುಖ್ಯ ಸಾಕ್ಷಿಯಾಯಿತು. ಆ ಚಿತ್ರ ಢಿಕ್ಕಿಗೆ ಕ್ಷಣ ಮುಂಚೆ ನಿಂತುಹೋದದ್ದರಿಂದ ಎಷ್ಟೋ ವಾದವಿವಾದಗಳಾದವು.

2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ಭಾರಿ ಮಳೆಯಲ್ಲಿ, ಕತ್ತಲು ಕವಿಯುತ್ತಿದ್ದಾಗ, ಫ್ರಾನ್ಸಿನ ಜೂಲ್ ಬಿಯಾಂಕಿ ಅವರ ಕಾರು ದಾರಿ ತಪ್ಪಿ, ಕೆಟ್ಟು ನಿಂತ ಇನ್ನೊಂದು ಕಾರನ್ನು ಎತ್ತುತ್ತಿದ್ದ ಟ್ರ್ಯಾಕ್ಟರಿಗೆ ಬಡಿಯಿತು. ಟಿ.ವಿ. ಆ ಢಿಕ್ಕಿಯನ್ನು ತೋರಿಸಲಿಲ್ಲ. ಆದರೆ ಪ್ರೇಕ್ಷಕರೊಬ್ಬರು ತೆಗೆದ ಚಿತ್ರ ಲೋಕಕ್ಕೆಲ್ಲ ಹರಡಿತು. ಒಂಬತ್ತು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ್ದ ಬಿಯಾಂಕಿ 2015ರ ಜುಲೈನಲ್ಲಿ ತೀರಿಕೊಂಡರು. ಚಾಲಕ ಸಾಕಷ್ಟು ವೇಗ ಇಳಿಸಲಿಲ್ಲ ಎಂದು ಎಫ್.ಐ.ಎ.ಯ ತನಿಖಾ ಸಮಿತಿ ಹೇಳಿತು. ಮನೆಯವರು ಅದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದರು. ಅದೇ ಸಮಿತಿ ಸೂರ್ಯಾಸ್ತಕ್ಕೆ ಕನಿಷ್ಠ ನಾಲ್ಕು ತಾಸು ಮೊದಲೇ ಪಂದ್ಯ ಆರಂಭವಾಗಬೇಕೆಂದೂ ಸಲಹೆ ಮಾಡಿತು. ಏಷ್ಯಾದ ಪಂದ್ಯಗಳನ್ನು ಯುರೋಪಿನ ಟಿ.ವಿ. ವೀಕ್ಷಕರ ಅನುಕೂಲಕ್ಕಾಗಿ ಸಂಜೆಗೆ ತಳ್ಳುವ ರೂಢಿ ಬೆಳೆದಿತ್ತು. 2009ರಲ್ಲಿ ಮಲೇಷ್ಯಾದ ಪಂದ್ಯ ಹಾಗೆ ಸಂಜೆ ಐದಕ್ಕೆ ಆರಂಭವಾಗಿ, ಮಳೆ ಬಂದು, ಬೆಳಕು ಹೋಗಿ ಅರ್ಧಕ್ಕೇ ನಿಂತಿತ್ತು. ಟಿ.ವಿ. ಬರೀ ನೋಡುವ ಕಣ್ಣಾಗಿ ಉಳಿಯದೆ ಪಂದ್ಯದ ಹೊತ್ತನ್ನೇ ಗೊತ್ತುಮಾಡುವ ಒಡೆಯನಾಗಿತ್ತು. ಒಡೆತನ ಬಂದಮೇಲೆ ಹೊಣೆಯೂ ಬರುತ್ತದೆ.

ಆದುದರಿಂದ ತೋರಿಸುವುದು ಪಾಪ, ಮುಚ್ಚಿಡುವುದು ಪುಣ್ಯ ಎಂದು ಸುಲಭವಾಗಿ ಹೇಳಲಾಗದು. ಕೇಳಬೇಕಾದ ಪ್ರಶ್ನೆ ಒಂದೇ: ಈ ಚಿತ್ರ ಯಾರ ಸಲುವಾಗಿ? ನಾಳೆ ಇನ್ನೊಬ್ಬನ ಪ್ರಾಣ ಉಳಿಯಲಿ, ತಪ್ಪು ಮಾಡಿದವನು ಸಿಕ್ಕಿಬೀಳಲಿ ಎಂಬುದಕ್ಕಾದರೆ ಅದು ಸಾಕ್ಷಿ. ನೋಡುವವನು ಚಾನೆಲ್ ಬದಲಿಸದಿರಲಿ ಎಂಬುದಕ್ಕಾದರೆ ಅದು ಸಾವಿನ ವ್ಯಾಪಾರ. ಇಮೋಲಾದಲ್ಲಿ ಬ್ರಿಟನ್ನಿನ ಬಿ.ಬಿ.ಸಿ.ಯವರು ವೈದ್ಯರು ಸೆನ್ನಾ ಅವರನ್ನು ಉಪಚರಿಸುತ್ತಿದ್ದ ಚಿತ್ರ ಬಿಟ್ಟು ತಮ್ಮದೇ ಬೇರೆ ಕ್ಯಾಮರಾಕ್ಕೆ ತಿರುಗಿದರು. ಅವರು ಸುದ್ದಿಯನ್ನು ಮುಚ್ಚಲಿಲ್ಲ, ಸಾಯುತ್ತಿರುವ ಮನುಷ್ಯನ ದೇಹವನ್ನು ಮಾತ್ರ ಮುಚ್ಚಿದರು. ಬಿದ್ದವನ ಮೇಲೆ ಪಂಚೆ ಹೊದಿಸುವ ಕೈಗೂ ಕಳ್ಳಲೆಕ್ಕ ಬಚ್ಚಿಡುವ ಕೈಗೂ ಅಂತರವಿದೆ.

ಗಿರಾಕಿಯ ಪಾಲು

ಗಿರಾಕಿ ಕೇಳದ ಮಾಲನ್ನು ಯಾವ ಅಂಗಡಿಯವನೂ ತರಿಸುವುದಿಲ್ಲ. 2011ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಇಂಡಿಕಾರ್ ಪಂದ್ಯಕ್ಕೆ ಜನರ ಗಮನ ಸೆಳೆಯಲು ಒಂದು ಪಣ ಸಾರಿದರು. ಡ್ಯಾನ್ ವೆಲ್ಡನ್ ಎಲ್ಲರಿಗಿಂತ ಹಿಂದಿನಿಂದ ಹೊರಟು ಗೆದ್ದರೆ ಅವರಿಗೂ ಒಬ್ಬ ಅಭಿಮಾನಿಗೂ ಸೇರಿ 50 ಲಕ್ಷ ಡಾಲರ್. ಒಂದೂವರೆ ಮೈಲಿಯ ಸುತ್ತಿನಲ್ಲಿ 34 ಕಾರುಗಳು. ಪಂದ್ಯ ಆರಂಭವಾದ ಸ್ವಲ್ಪ ಹೊತ್ತಿಗೇ 15 ಕಾರುಗಳು ಒಂದಕ್ಕೊಂದು ಬಡಿದವು. ವೆಲ್ಡನ್ ತೀರಿಕೊಂಡರು. ಆ ಪಣದಿಂದಲೇ ಸಾವು ಬಂತೆಂದು ಹೇಳುವುದು ನ್ಯಾಯವಲ್ಲ, ಢಿಕ್ಕಿ ಅವರ ಮುಂದೆ ಆರಂಭವಾಗಿತ್ತು. ಆದರೆ ಪಣ ಹೂಡಿದ್ದು ನಮ್ಮಂಥ ನೋಡುವವರಿಗಾಗಿ ಎಂಬುದನ್ನು ಮರೆಯಲಾಗದು. ಅಲ್ಲಿ ಪಂದ್ಯವನ್ನು ಮುಂದುವರಿಸಲಿಲ್ಲ. ಉಳಿದ ಚಾಲಕರು ಅವರ ಗೌರವಾರ್ಥ ಐದು ಸುತ್ತು ನಿಧಾನವಾಗಿ ಹೋಗಿ ಮುಗಿಸಿದರು. 1994ರಲ್ಲಿ ತೋರದಿದ್ದ ವಿವೇಕ 2011ರಲ್ಲಿ ತೋರಿತು.

ಸುರಕ್ಷತೆಯ ಮಾತಾಡಿದವರನ್ನು ನೋಡುಗರೇ ಹೀಯಾಳಿಸಿದ್ದೂ ಉಂಟು. 1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜಾಕಿ ಸ್ಟೀವರ್ಟ್ ಪೆಟ್ರೋಲಿನಲ್ಲಿ ತೊಯ್ದು ಕಾರಿನೊಳಗೆ ಸಿಕ್ಕಿಬಿದ್ದರು. ಸಹಚಾಲಕರಿಬ್ಬರು ಪ್ರೇಕ್ಷಕರ ಪಾನೆ ಇಸಿದುಕೊಂಡು ಬಿಡಿಸಬೇಕಾಯಿತು. ಅಂದಿನಿಂದ ತಡೆಬೇಲಿ, ವೈದ್ಯರು, ಸೊಂಟದ ಪಟ್ಟಿ ಬೇಕೆಂದು ಅವರು ಹಟ ಹಿಡಿದರು. ಹೇಡಿ ಎಂದರು, ಆಟದ ಸೊಗಸು ಕೆಡಿಸಿದ ಎಂದರು. ಇಂದು ಬದುಕಿ ಮನೆಗೆ ಮರಳುವ ಎಷ್ಟೋ ಚಾಲಕರು ಆ "ಹೇಡಿ"ಗೆ ಋಣಿಗಳು.

ನಮ್ಮ ದಾರಿಯ ಮೇಲೆ

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ರಾತ್ರಿ ಹೋಗುವ ಟ್ರ್ಯಾಕ್ಟರುಗಳನ್ನು ನಾವೆಲ್ಲ ಕಂಡಿದ್ದೇವೆ. ಹಿಂದಿನಿಂದ ಬಂದ ಬೈಕಿನವನು ಬಡಿದು ಬೀಳುತ್ತಾನೆ. ಜನ ಕೂಡುತ್ತಾರೆ. ಮೊದಲು ಕಿಸೆಯಿಂದ ಹೊರಬರುವುದು ಮೊಬೈಲ್. ನಾಲ್ಕು ಮಂದಿ ಚಿತ್ರ ತೆಗೆಯುತ್ತಾರೆ, ಒಬ್ಬನು ನೀರು ಕೊಡುತ್ತಾನೆ. ಆ ಚಿತ್ರ ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಊರೂರು ಸುತ್ತುತ್ತದೆ. ತಾಯಿ ಮಗನ ಸಾವನ್ನು ಅಂಗೈಯಲ್ಲಿ ಕಾಣುವಂತಾಗುತ್ತದೆ. ಇಮೋಲಾದ ಹೆಲಿಕಾಪ್ಟರ್ ಈಗ ನಮ್ಮೆಲ್ಲರ ಕೈಯಲ್ಲಿದೆ.

ಬಿದ್ದವನನ್ನು ಎತ್ತಿದರೆ ಪೊಲೀಸು ಕಚೇರಿ ಅಲೆದಾಟ ಗಂಟುಬೀಳುತ್ತದೆ ಎಂಬ ಹೆದರಿಕೆ ಹಲವರಲ್ಲಿ ಇನ್ನೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 134ಎ ಎಂಬ ಕಲಮು ಸೇರಿದೆ. ಸದ್ಭಾವನೆಯಿಂದ ಗಾಯಾಳುವಿಗೆ ನೆರವಾದವರ ಮೇಲೆ ಯಾವ ದಾವೆಯನ್ನೂ ಹೂಡುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಈ ಕಾಯ್ದೆ ದೇಶಕ್ಕೆಲ್ಲ ಒಂದೇ. ಗಡಿಯ ಈಚೆ ಒಂದು, ಆಚೆ ಒಂದು ಎಂಬುದಿಲ್ಲ.

ಇನ್ನು ಟ್ರ್ಯಾಕ್ಟರಿನ ಒಡೆಯರಿಗೆ ಒಂದು ಮಾತು. "ಕಬ್ಬು ಕಾರಖಾನೆಗೆ ಮುಟ್ಟಲೇಬೇಕು, ರಾತ್ರಿ ಹೋಗಲೇಬೇಕು, ಏನೂ ಮಾಡಲಾಗದು" ಎಂಬ ಮಾತು ಕೇಳಿದಾಗ ಟಾಂಬುರೆಲ್ಲೋದ ಗೋಡೆಯನ್ನು ನೆನೆಯಿರಿ. ರಾತ್ರಿಯ ಸಾಗಾಟ ತಪ್ಪದಿರಬಹುದು. ಹಿಂದೆ ಒಂದು ಹೊಳೆಯುವ ಪಟ್ಟಿ ಅಂಟಿಸಲು ಎಷ್ಟು ಖರ್ಚು? ಅದು ನಾಲ್ಕು ಮೋಳಿ ಕಬ್ಬಿನ ಬೆಲೆಯೂ ಆಗಲಾರದು.

ಸಾವನ್ನು ಕಂಡ ಕಣ್ಣಿಗೆ ಒಂದು ಸಾಲ ಅಂಟಿಕೊಳ್ಳುತ್ತದೆ. ಮತ್ತೊಮ್ಮೆ ನೋಡುವುದರಿಂದ ಆ ಸಾಲ ತೀರುವುದಿಲ್ಲ, ಮುಂದಿನವನನ್ನು ಉಳಿಸುವುದರಿಂದ ತೀರುತ್ತದೆ. ಮುಂದಿನ ಸಲ ಅಂಥ ಚಿತ್ರ ತಮ್ಮ ಕೈಗೆ ಬಂದಾಗ ಅದನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಒಂದು ಗಳಿಗೆ ನಿಲ್ಲಿರಿ. ಆ ಗಳಿಗೆಯಲ್ಲಿ ಎದ್ದುಹೋಗಿ ಅಂಗಳದಲ್ಲಿ ನಿಂತ ತಮ್ಮದೇ ಗಾಡಿಯ ಹಿಂದಿನ ದೀಪ ಉರಿಯುತ್ತಿದೆಯೇ ಎಂದು ನೋಡಿ ಬನ್ನಿರಿ. ಇಷ್ಟು ಮಾಡಿದರೆ ಸಾಕು.